ಶಿರಸಿಯ ಅಡುಗೆಮನೆಗೆ ಬಂದ ಥರ್ಮಾಮೀಟರು: ಸ್ವಚ್ಛತಾ ತಪಾಸಣೆಗೆ ಸಿದ್ಧಪಡಿಸುವ ಸೇವೆಯೊಂದರ ವಿಮರ್ಶೆ

ಶಿರಸಿಯಲ್ಲಿ ನಮ್ಮದು ಸಸ್ಯಾಹಾರಿ ಕೇಟರಿಂಗ್. ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಂದು ಕರೆದಲ್ಲಿಗೆ ಅಡುಗೆ ಮಾಡಿ ಒಯ್ಯುತ್ತೇವೆ, ಇಲ್ಲವೇ ಸಭಾಭವನದ ಅಡುಗೆಮನೆಯಲ್ಲೇ ಒಲೆ ಹಚ್ಚುತ್ತೇವೆ. ಕಾಯಂ ಆಗಿ ಹದಿನಾಲ್ಕು ಜನರಿದ್ದಾರೆ. ಮದುವೆಯ ಹಂಗಾಮಿನಲ್ಲಿ ಬಡಿಸುವವರೂ ಸೇರಿ ನಲವತ್ತರ ಹತ್ತಿರ ಹೋಗುತ್ತದೆ. ನನ್ನ ಹಳೆಯ ಸಹಪಾಠಿಯೊಬ್ಬರು ಕಾರವಾರದಲ್ಲಿ ಮೀನೂಟದ ಖಾನಾವಳಿ ನಡೆಸುತ್ತಾರೆ. ಕಳೆದ ವರ್ಷ ನಾವಿಬ್ಬರೂ ಸೇರಿ, ಆಹಾರ ಸುರಕ್ಷತೆಯ ತಪಾಸಣೆಗೆ ಅಡುಗೆಮನೆಯನ್ನು ಸಿದ್ಧಪಡಿಸಿಕೊಡುವುದಾಗಿ ಹೇಳುವ ಒಂದು ಖಾಸಗಿ ಸಂಸ್ಥೆಯ ಸೇವೆಯನ್ನು ಪಡೆದೆವು. ಸಂಸ್ಥೆ ನಮ್ಮ ಜಿಲ್ಲೆಯದಲ್ಲ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ದೂರು ಒಂದು ಸಂಸ್ಥೆಯದ್ದಷ್ಟೇ ಅಲ್ಲ. ನಾವು ದರ ಕೇಳಿದ ಇನ್ನೆರಡು ಕಡೆಯವರೂ ಹೆಚ್ಚುಕಡಿಮೆ ಇದೇ ಸರಕನ್ನು ಇದೇ ಮಾತುಗಳಲ್ಲಿ ಮುಂದಿಟ್ಟಿದ್ದರು.

ನಮಗೆ ಹೇಳಿದ ದರ 18,500 ರೂಪಾಯಿ, ಕಾರವಾರದ ಖಾನಾವಳಿಗೆ 14,000, ಓಡಾಟದ ಖರ್ಚು ಬೇರೆ. ಇದರಲ್ಲಿ ಎರಡು ಭೇಟಿಗಳು, ನೌಕರರಿಗೆ ಒಂದು ದಿನದ ತರಬೇತಿ, ನೀರಿನ ಪರೀಕ್ಷೆಗೆ ಮಾದರಿ ಒಯ್ಯುವುದು, ಮತ್ತು ಅವರು ‘ಸಂಪೂರ್ಣ ದಾಖಲೆ ವ್ಯವಸ್ಥೆ’ ಎಂದು ಕರೆದ ಒಂದು ದಪ್ಪ ಕಡತ ಸೇರಿದ್ದವು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದ್ದು. ಪರವಾನಗಿಯ ನಿಯಮಗಳು 2011ರವು. ಅಡುಗೆಮನೆಯ ನೆಲ, ಗೋಡೆ, ಚರಂಡಿ, ನೀರು, ನೌಕರರ ಆರೋಗ್ಯ ಹೇಗಿರಬೇಕೆಂದು ಹೇಳುವ ನಾಲ್ಕನೆಯ ಅನುಸೂಚಿಯೂ ಈ ನಿಯಮಗಳಲ್ಲೇ ಬರುತ್ತದೆ. ಇವೆಲ್ಲ ಯಾರು ಬೇಕಾದರೂ ಓದಬಹುದಾದ ಸಂಗತಿಗಳು. ಹಾಗಾಗಿ ದುಡ್ಡು ಕೊಡುವಾಗ ನಾನು ನಿರೀಕ್ಷಿಸಿದ್ದು ನಿಯಮದ ಪಾಠವನ್ನಲ್ಲ. ನಮ್ಮ ಅಡುಗೆಮನೆಯಲ್ಲಿ ದಿನವೂ ಕಣ್ಣೆದುರಿಗಿದ್ದು ನಮಗೇ ಕಾಣದ ಅಪಾಯ ಎಲ್ಲಿದೆ ಎಂದು ಹೊರಗಿನ ಕಣ್ಣೊಂದು ತೋರಿಸಿಕೊಡಬೇಕಿತ್ತು. ಆ ಲೆಕ್ಕದಲ್ಲಿ ಈ ಸೇವೆ ಅರ್ಧ ಗೆದ್ದಿತು, ಅರ್ಧ ಸೋತಿತು. ಗೆದ್ದ ಅರ್ಧ ಅವರ ಚೀಲದಲ್ಲಿದ್ದ ಒಂದು ಚೂಪುಮೊನೆಯ ಥರ್ಮಾಮೀಟರಿನಿಂದ ಬಂತು.

ಮೊದಲ ಭೇಟಿ ಜುಲೈ ತಿಂಗಳ ಎರಡನೆಯ ವಾರ, ಧೋ ಎಂದು ಮಳೆ ಸುರಿಯುತ್ತಿದ್ದ ದಿನ. ಬಂದವರು ಇಬ್ಬರು: ಒಬ್ಬ ಹುಡುಗ ಟ್ಯಾಬ್ ಹಿಡಿದು ಪ್ರಶ್ನಾವಳಿ ತುಂಬುವವನು, ಇನ್ನೊಬ್ಬರು ತರಬೇತಿ ಕೊಡುವ ಹಿರಿಯ ಮಹಿಳೆ. ಹುಡುಗ ಮೊದಲು ಥರ್ಮಾಮೀಟರನ್ನು ಪರೀಕ್ಷಿಸಲು ಹೊರಟ. ಮಂಜುಗಡ್ಡೆಯ ಪುಡಿ ಹಾಕಿದ ನೀರಿನಲ್ಲಿ ಅದು 0.2 ಡಿಗ್ರಿ ತೋರಿಸಿತು, ಸರಿಯೇ ಇತ್ತು. ಕುದಿಯುವ ನೀರಿನಲ್ಲಿ ಮಾತ್ರ 98ಕ್ಕೆ ನಿಂತುಬಿಟ್ಟಿತು. ನೀರು ಸರಿಯಾಗಿ ಕುದಿದಿಲ್ಲವೆಂದು ಅವನು ಉರಿಯನ್ನು ಇನ್ನಷ್ಟು ಹೆಚ್ಚಿಸಿದ, ಆದರೂ 98. ಮೂವತ್ತು ವರ್ಷ ಒಲೆಯ ಮುಂದೆ ಕಳೆದಿರುವ ನಮ್ಮ ಭಟ್ಟರು ಒಂದಷ್ಟು ಹೊತ್ತು ನೋಡಿ, “ಅಲ್ಲ ತಮಾ, ನೀರು ಕೊತಕೊತ ಕುದೀತಾ ಇದ್ದು, ಇನ್ನೆಷ್ಟು ಬಿಸಿ ಆಗವು ನಿಂಗೆ?” ಎಂದರು. ಹುಡುಗ ಯಂತ್ರ ಕೆಟ್ಟಿದೆಯೆಂದು ಬರೆದುಕೊಂಡ. ಯಂತ್ರ ಕೆಟ್ಟಿರಲಿಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಅದೇ ಥರ್ಮಾಮೀಟರನ್ನು ಕುಮಟೆಯಲ್ಲಿಯೋ ಕಾರವಾರದಲ್ಲಿಯೋ ಕುದಿಯುವ ನೀರಿಗಿಟ್ಟರೆ 100 ತೋರಿಸುತ್ತದೆ. ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರ ನನಗೆ ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ. ಹಿರಿಯ ಮಹಿಳೆ ಕೂಡಲೇ ಒಪ್ಪಿಕೊಂಡು ನಕ್ಕರು. ವರದಿಯಲ್ಲಿ ಮಾತ್ರ ‘ಥರ್ಮಾಮೀಟರ್ ನಿಖರವಾಗಿಲ್ಲ’ ಎಂಬ ಸಾಲು ಹಾಗೆಯೇ ಉಳಿದು, ಎರಡನೆಯ ಭೇಟಿಯ ವರದಿಗೂ ನಕಲಾಗಿ ಬಂತು.

ಆ ಮಹಿಳೆ ಅನ್ನಕ್ಕೆ ಮೊನೆ ಚುಚ್ಚಿದಾಗ ನಾವು ನಗುವುದನ್ನು ನಿಲ್ಲಿಸಿದೆವು. ನಾವು ಅನ್ನವನ್ನು ಗಂಜಿ ಬಸಿದು ಬಿದಿರಿನ ದೊಡ್ಡ ಚಿಬ್ಬಲಿಗೆ ಹಾಕಿ, ಮೇಲೆ ಬಾಳೆಲೆ ಮುಚ್ಚಿ ಇಡುವ ಪದ್ಧತಿಯವರು. ಬೆಳಿಗ್ಗೆ 9 ಗಂಟೆಗೆ ಬಸಿದ ಅನ್ನ ಅದು. ಹನ್ನೊಂದೂವರೆಗೆ ಚಿಬ್ಬಲಿನ ನಡುಮಧ್ಯದಲ್ಲಿ 64 ಡಿಗ್ರಿ ಇತ್ತು. ಮೇಲೆ ಹಬೆಯಾಡುತ್ತಿತ್ತು, ಯಾರು ನೋಡಿದರೂ ಬಿಸಿ ಅನ್ನವೆಂದೇ ಹೇಳುತ್ತಿದ್ದರು. ಅಂಚಿನಲ್ಲಿ, ಬಿದಿರಿಗೆ ತಾಗಿಕೊಂಡಲ್ಲಿ 41 ಡಿಗ್ರಿ. ಊಟದ ಮೊದಲ ಪಂಕ್ತಿ ಹನ್ನೆರಡೂವರೆಗೆ, ಕೊನೆಯ ಪಂಕ್ತಿ ಮೂರಕ್ಕೆ. ಅಂದರೆ ಅಂಚಿನ ಅನ್ನ ನಾಲ್ಕೈದು ತಾಸು ಉಗುರುಬೆಚ್ಚಗೆ ಕೂತಿರುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಇರುವುದು ಸಾಮಾನ್ಯ, ಮತ್ತು ಅವು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಅವು ಮೊಳೆತು ಬೆಳೆಯುತ್ತವೆ. ಅವು ಬಿಡುವ ವಾಂತಿ ತರಿಸುವ ವಿಷ ಎಷ್ಟು ಬಿಸಿ ಮಾಡಿದರೂ ನಾಶವಾಗದು. ಹಾಗಾಗಿ ಮಿಕ್ಕ ಅನ್ನವನ್ನು ಸಂಜೆ ಚೆನ್ನಾಗಿ ಬಿಸಿ ಮಾಡಿ ಚಿತ್ರಾನ್ನ ಕಲಸಿದರೆ ದೋಷ ಹೋಯಿತು ಎಂಬ ನಮ್ಮೆಲ್ಲರ ನಂಬಿಕೆ ಅನ್ನದ ವಿಷಯದಲ್ಲಿ ಸುಳ್ಳು. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ, ಆಗ ಎಲ್ಲರೂ ಪಾಯಸದ ಹಾಲನ್ನು ದೂರುತ್ತಾರೆ.

ಅಡುಗೆಯ ಭಾಷೆಯಲ್ಲಿ ಬಿಸಿ, ತಣ್ಣಗೆ ಎಂಬ ಎರಡೇ ಮಾತುಗಳಿದ್ದಲ್ಲಿ ಈ ಥರ್ಮಾಮೀಟರು ನಡುವಿನ ಒಂದು ದೊಡ್ಡ ಬಯಲನ್ನು ತೋರಿಸಿತು: 5 ಡಿಗ್ರಿಯಿಂದ 60 ಡಿಗ್ರಿಯವರೆಗೆ. ರೋಗಾಣುಗಳು ಹಿಗ್ಗುವುದು ಅಲ್ಲಿ. ಅಡುಗೆ ಆ ಬಯಲಿನಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದೇ ನಮ್ಮ ಕಸುಬಿನ ಅಪಾಯದ ಅಳತೆ. ಮಧ್ಯಾಹ್ನದ ಸಾಂಬಾರನ್ನು ರಾತ್ರಿಯ ಊಟಕ್ಕೂ ಇಡಿ ಎಂದು ಮನೆಯವರು ಕೇಳುವುದು ನಮ್ಮಲ್ಲಿ ಮಾಮೂಲು. 60 ಲೀಟರಿನ ಕೊಪ್ಪರಿಗೆಯಲ್ಲಿ ಎರಡು ಗಂಟೆಗೆ 74 ಇದ್ದ ಸಾಂಬಾರು ಏಳು ಗಂಟೆಗೆ 46ರಲ್ಲಿತ್ತು, ಮುಚ್ಚಳ ತೆಗೆದಿಟ್ಟಿದ್ದರೂ. ಇಂಥ ದೊಡ್ಡ ಪಾತ್ರೆಯ ಒಳಗೆ, ಗಾಳಿ ಸುಳಿಯದ ಆಳದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ರೋಗಾಣುವಿಗೆ ಈ ನಿಧಾನ ಬಹಳ ಹಿತ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ 60ರಿಂದ 21 ಡಿಗ್ರಿಗೂ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೂ ಇಳಿಸಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಕೊಪ್ಪರಿಗೆಯಲ್ಲಿ ಅದು ಆಗುವ ಮಾತಲ್ಲ. ನಾಲ್ಕು ಬೆರಳು ಆಳದ ಅಗಲ ತಟ್ಟೆಗಳಿಗೆ ಸುರಿದು ಫ್ಯಾನಿನಡಿ ಇಡಬೇಕು, ಅಥವಾ ರಾತ್ರಿಗೆ ಬೇರೆಯೇ ಮಾಡಬೇಕು. ನಾವು ಎರಡನೆಯದನ್ನು ಆರಿಸಿಕೊಂಡೆವು. ಅದಕ್ಕೆ ತಲೆಗೆ ಇಷ್ಟೆಂದು ದರವನ್ನೂ ಸೇರಿಸಿದೆವು. ಇಬ್ಬರು ಗಿರಾಕಿಗಳು ಕೈಬಿಟ್ಟುಹೋದರು.

ಚಿಬ್ಬಲಿನ ವಿಚಾರದಲ್ಲಿ ಮಾತ್ರ ನಮ್ಮೊಳಗೆ ದೊಡ್ಡ ಚರ್ಚೆಯೇ ಆಯಿತು. ಬಿದಿರಿನ ಹೆಣಿಗೆಯ ಸಂದಿನಲ್ಲಿ ಅಂಟಿದ ಅಗಳು ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ, ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಒಣಗುವುದೂ ಇಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಕಪ್ಪು ಬೂಷ್ಟು ಎಳೆಎಳೆಯಾಗಿ ಕಂಡಿತು. ಸ್ಟೀಲಿನ ತೂತುಪಾತ್ರೆಯಲ್ಲಿ ಅನ್ನ ಬೆವರುತ್ತದೆ, ಅಗಳು ಒಡೆಯುತ್ತದೆ ಎಂಬುದು ಭಟ್ಟರ ವಾದ, ಅದೂ ನಿಜವೇ. ಕೊನೆಗೆ ಅನ್ನ ಬಸಿಯಲು ಸ್ಟೀಲು, ಬಸಿದ ಮೇಲೆ ಮುಚ್ಚಳವಿರುವ ಬಿಸಿ ಕಾಯುವ ಡಬ್ಬಿಗೆ ತುಂಬುವುದು, ಮತ್ತು ಒಂದೇ ಸಲ ಮಾಡುವ ಬದಲು ಎರಡು ಸಲ ಮಾಡುವುದು ಎಂದಾಯಿತು. ಇಂಥ ಡಬ್ಬಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಊಟಗಳಿಗೂ ಒದಗಿತು. ಆ ದಾರಿಯ ಎರಡು ತಾಸಿನ ಕುಲುಕಾಟದ ನಂತರವೂ ಸಾರು 71 ಡಿಗ್ರಿಯಲ್ಲಿತ್ತು.

ನೀರಿನ ಕಥೆ ಇನ್ನೊಂದು. ನಮ್ಮದು ಬಾವಿ ನೀರು. ಕಣ್ಣಿಗೆ ತಿಳಿ, ಬಾಯಿಗೆ ಸಿಹಿ, ನಾನೂ ಅದನ್ನೇ ಕುಡಿದು ಬೆಳೆದವನು. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ ಐಎಸ್ 10500, ಹೇಳುವಂತೆ 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರಂ, ಅಂದರೆ ನೀರಿಗೆ ಹೊಲಸು ಸೇರಿರಬಹುದೆಂದು ಸೂಚಿಸುವ ಸೂಕ್ಷ್ಮಾಣುಗಳು, ಕಾಣಬಾರದು. ಜುಲೈಯ ಮಾದರಿಯಲ್ಲಿ ಕಂಡಿತು. ಮಳೆಗಾಲದಲ್ಲಿ ಬಾವಿಗೆ ಮೇಲ್ನೀರು ಇಳಿಯುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು; ಆದರೆ ಹೇಗಿದ್ದರೂ ಕುದಿಸುತ್ತೇವಲ್ಲ ಎಂಬ ಸಮಾಧಾನವೂ ಎಲ್ಲರಿಗಿದೆ. ನಾವು ಬಡಿಸುವುದರಲ್ಲಿ ಕುದಿಸದೇ ಇರುವುದು ಎಷ್ಟಿದೆ ಎಂದು ಆ ಮಹಿಳೆ ಕೇಳಿದಾಗ ಒಂದೊಂದಾಗಿ ಹೇಳುತ್ತ ಹೋದೆವು: ತಂಬುಳಿ, ಸಾಸ್ಮೆ, ಕೋಸಂಬರಿ, ಮಜ್ಜಿಗೆ, ಪಾನಕ. ತಂಬುಳಿಯ ಕಾಯಿಯನ್ನು ಬೀಸುವುದು ಹಸಿ ನೀರಿನಲ್ಲಿ. ಆ ಕಾಯಿಯನ್ನು ಹೆರೆಯುವುದು ನಸುಕಿನ ನಾಲ್ಕಕ್ಕೆ, ಬೀಸುವುದು ಹನ್ನೊಂದಕ್ಕೆ. ಅಡುಗೆಮನೆಯ ಸೆಕೆಯಲ್ಲಿ ಏಳು ತಾಸು ಕೂತ ಕಾಯಿತುರಿ ಹುಳಿಯುವುದಕ್ಕೆ ಮೊದಲೇ ಕೆಡಲು ಶುರುವಾಗಿರುತ್ತದೆ. ಈಗ ಹಸಿ ಅಡುಗೆಗೆ ಹಿಂದಿನ ರಾತ್ರಿ ಕುದಿಸಿ ಆರಿಸಿದ ನೀರು. ಕಾಯಿ ಹೆರೆಯುವುದು ಬೇಕಾದಾಗ ಬೇಕಾದಷ್ಟು. ತೊಟ್ಟಿಗೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು, ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿದೆಯೇ ಎಂದು ಬಣ್ಣದ ಗುಳಿಗೆ ಹಾಕಿ ನೋಡುವುದನ್ನು ಅಂಗಳ ಗುಡಿಸುವ ಹುಡುಗನೇ ಕಲಿತಿದ್ದಾನೆ. ಕ್ಲೋರಿನ್ ವಾಸನೆಗೆ ತಂಬುಳಿ ಕೆಡುತ್ತದೆ ಎಂಬ ದೂರು ಬಂತು. ಅದಕ್ಕಾಗಿಯೇ ಕುದಿಸಿದ ನೀರು ಬೇರೆ.

ಕರಿದ ಎಣ್ಣೆಯ ಪರೀಕ್ಷೆ ನಮ್ಮ ಹೆಮ್ಮೆಯನ್ನು ಸ್ವಲ್ಪ ಇಳಿಸಿತು. ಎಣ್ಣೆ ಮತ್ತೆಮತ್ತೆ ಕಾದು ಕೆಟ್ಟಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಒಟ್ಟು ಶೇ. 25 ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಕಪ್ಪಗಾದ ಎಣ್ಣೆಯನ್ನು ಚೆಲ್ಲುತ್ತೇವೆ, ಹೊಂಬಣ್ಣ ಇರುವುದನ್ನು ಉಳಿಸಿಕೊಳ್ಳುತ್ತೇವೆ ಎಂಬುದು ನಮ್ಮ ಲೆಕ್ಕವಾಗಿತ್ತು. ಅಳೆದಾಗ ಮಸಾಲೆವಡೆಯ ಕಪ್ಪು ಎಣ್ಣೆ 19ರಲ್ಲಿತ್ತು, ಹಪ್ಪಳ ಕರಿಯುವ ಚಂದದ ಎಣ್ಣೆ 26ರಲ್ಲಿ. ವಡೆಯ ಎಣ್ಣೆಗೆ ಬಣ್ಣ ಬಂದದ್ದು ಹಿಟ್ಟಿನ ಚೂರುಗಳಿಂದ. ಹಪ್ಪಳದ ಎಣ್ಣೆ ದಿನಗಟ್ಟಲೆ ಹೆಚ್ಚು ಉರಿಯಲ್ಲಿ ಕಾದದ್ದು. ಈ ಅಳತೆಯ ಯಂತ್ರ ದುಬಾರಿ, ನಮ್ಮಂಥವರು ಕೊಳ್ಳುವುದು ಕಷ್ಟ. ಕಾಗದದ ಪಟ್ಟಿಗಳು ಸಿಗುತ್ತವೆ, ಸಾಕಾಗುತ್ತದೆ.

ತರಬೇತಿಯ ದಿನಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಪ್ರತಿ 25 ನೌಕರರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ಎಂಬ ತರಬೇತಿ ಯೋಜನೆ ಹೇಳುತ್ತದೆ. ಅದರ ಪ್ರಮಾಣಪತ್ರ ಎರಡು ವರ್ಷಕ್ಕೆ. ಇದು ಆ ಪ್ರಮಾಣಪತ್ರದ ತರಬೇತಿಯಲ್ಲ, ಅಡುಗೆಮನೆಯಲ್ಲೇ ಕೂತು ಮಾಡಿದ ಪಾಠ. ಅರಿಸಿನ ಬೆರೆಸಿದ ಎಣ್ಣೆಯನ್ನು ಎಲ್ಲರ ಕೈಗೂ ಹಚ್ಚಿ, ತೊಳೆದು ಬನ್ನಿ ಎಂದು ಕಳಿಸಿ, ಬಂದ ಮೇಲೆ ಬಿಳಿ ಬಟ್ಟೆಗೆ ಒರೆಸಿ ತೋರಿಸಿದರು. ಹೆಬ್ಬೆರಳ ಬುಡ, ಉಗುರಿನ ಸಂದು, ಉಂಗುರದ ಕೆಳಗೆ ಹಳದಿ ಉಳಿದೇ ಇತ್ತು; ಯಜಮಾನನಾದ ನನ್ನ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು. ಎಲ್ಲರೂ ಕೈ ಒರೆಸುವ ಒಂದೇ ಟವೆಲ್ ಆ ಸಂಜೆಯೇ ನೆಲ ಒರೆಸಲು ಹೋಯಿತು. ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ದುಕೊಂಡವನು ಬಟ್ಟೆ ಸುತ್ತಿ ಕೆಲಸ ಮುಂದುವರಿಸುವುದು ನಮ್ಮಲ್ಲಿ ನಿಷ್ಠೆಯ ಲಕ್ಷಣ. ಕೀವಾದ ಗಾಯದಿಂದ ಅಡುಗೆಗೆ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಬಿಡುವ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ ಎಂದು ಕೇಳಿದ ಮೇಲೆ, ಗಾಯವಾದವರಿಗೆ ಸಂಬಳ ಕತ್ತರಿಸದೆ ಬಾಳೆಲೆ ಎಣಿಸುವ ಕೆಲಸ ಕೊಡುವುದೆಂದು ಗೊತ್ತುಮಾಡಿದೆವು. ಸಂಬಳದ ಮಾತು ಮುಖ್ಯ. ಇಲ್ಲದಿದ್ದರೆ ಯಾರೂ ಗಾಯ ತೋರಿಸುವುದಿಲ್ಲ. ಆ ಮಹಿಳೆ ಅದನ್ನೂ ಅರಿತೇ ಹೇಳಿದರು.

ಇಲಿ, ಜಿರಲೆ, ನೊಣದ ಜಾಲರಿ, ಬಲ್ಬಿಗೆ ಕವಚ ಇವುಗಳ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿತ್ತು, ಹೊಸದೇನೂ ಇರಲಿಲ್ಲ.

ಕಾರವಾರದಲ್ಲಿ ಇದೇ ಸೇವೆ ಹೆಚ್ಚು ಎಡವಿತು, ಏಕೆಂದರೆ ಅಲ್ಲಿಗೆ ಹೋದದ್ದು ಟ್ಯಾಬಿನ ಹುಡುಗ ಒಬ್ಬನೇ, ಮತ್ತು ಅವನ ಪ್ರಶ್ನಾವಳಿಯಲ್ಲಿ ಮೀನು ಎಂಬುದು ‘ಮಾಂಸಾಹಾರ’ದ ಒಂದು ಉಪಸಾಲಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲದ ಬಂದರು ಮೌನವಾಗಿರುವ ಆ ಎರಡು ತಿಂಗಳು ಖಾನಾವಳಿಗಳಿಗೆ ಮೀನು ಬರುವುದು ದೂರದ ಊರುಗಳಿಂದ, ಲಾರಿಯಲ್ಲಿ, ಮಂಜುಗಡ್ಡೆಯ ಭರವಸೆಯ ಮೇಲೆ. ತಪಾಸಣೆ ನಡೆದದ್ದು ಅದೇ ಹೊತ್ತಿನಲ್ಲಿ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದಾಗಿತ್ತು. ಬಂಗಡೆ, ತಾರ್ಲೆ, ಟ್ಯೂನಾ ಜಾತಿಯ ಮೀನುಗಳು ಹಿಡಿದ ಮೇಲೆ ಎಲ್ಲಿಯಾದರೂ ಮಂಜು ತಪ್ಪಿ ಬೆಚ್ಚಗಾದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಆಮೇಲೆ ಹುರಿದರೂ, ಸಾರಿನಲ್ಲಿ ಕುದಿಸಿದರೂ, ಪುನಃ ಮಂಜಿನಲ್ಲಿಟ್ಟರೂ ಅದು ಇಳಿಯುವುದಿಲ್ಲ. ತಿಂದವರಿಗೆ ತಾಸಿನೊಳಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಜನ ಅದನ್ನು ಮೀನಿನ ಅಲರ್ಜಿ ಎಂದುಕೊಂಡು ಬಿಟ್ಟುಬಿಡುತ್ತಾರೆ. ಇಂಥ ಮೀನು ಮೂಗಿಗೆ ಸಿಗಲೇಬೇಕೆಂದಿಲ್ಲ. ಹುಡುಗ ಪೆಟ್ಟಿಗೆಗೆ ಬಗ್ಗಿ ಮೂಸಿ, ತಾಜಾ ಇದೆ ಎಂದು ಟಿಕ್ ಹಾಕಿದನಂತೆ. ಪೆಟ್ಟಿಗೆಯ ತಳದಲ್ಲಿ ಮಂಜು ಕರಗಿದ ನೀರಿನಲ್ಲಿ ತೇಲುತ್ತಿದ್ದ ಬಂಗಡೆಯ ಹೊಟ್ಟೆಗೆ ನನ್ನ ಸ್ನೇಹಿತರೇ ಮೊನೆ ಚುಚ್ಚಿದಾಗ 11 ಡಿಗ್ರಿ ಬಂತು. ಮಸಾಲೆ ಸವರಿದ ಮೀನಿನ ತಟ್ಟೆ ಹನ್ನೊಂದರಿಂದ ಮೂರರವರೆಗೆ ಕಾವಲಿಯ ಪಕ್ಕದಲ್ಲೇ ಕೂರುತ್ತಿತ್ತು, ಅದೂ ಪ್ರಶ್ನಾವಳಿಗೆ ಸಿಗಲಿಲ್ಲ. ಈಗ ಅಲ್ಲಿ ತಟ್ಟೆ ಚಿಕ್ಕದಾಗಿದೆ, ಅರ್ಧ ಗಂಟೆಗೊಮ್ಮೆ ಫ್ರಿಜ್‌ನಿಂದ ಹೊಸದು ಬರುತ್ತದೆ. ಮೀನಿನ ಹಲಗೆ, ಈರುಳ್ಳಿಯ ಹಲಗೆ ಬೇರೆ ಬೇರೆ ಬಣ್ಣದವು.

ಇನ್ನೊಂದು ಕೊರತೆ, ಪ್ರಶ್ನಾವಳಿ ಹಳೆಯದು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣಗಳನ್ನು ನಿಷೇಧಿಸಿತು. ಅದೇ ಜೂನಿನಲ್ಲಿ ಕೋಳಿ, ಮೀನು, ತರಕಾರಿ ಕಬಾಬ್‌ಗಳಿಗೂ ಅದನ್ನು ವಿಸ್ತರಿಸಿತು. 2025ರ ಆರಂಭದಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದಕ್ಕೂ ತಡೆ ಬಂತು. ಮೂರೂ ಸುದ್ದಿಪತ್ರಿಕೆಯ ಮೊದಲ ಪುಟದಲ್ಲಿ ಬಂದ ವಿಷಯಗಳು, ಒಂದೂ ಪ್ರಶ್ನಾವಳಿಯಲ್ಲಿರಲಿಲ್ಲ. ಅದರ ಬದಲು, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಇಡಬೇಕಾದ ದಾಖಲೆಯನ್ನು ದಿನಕ್ಕೆ ಹದಿನೈದು ಲೀಟರ್ ಬಳಸುವ ನಮ್ಮ ತಲೆಗೂ ಕಟ್ಟಿದ್ದರು.

ಇನ್ನು ಕಡತದ ವಿಷಯ. ಆಗಸ್ಟಿನಲ್ಲಿ ಕೊರಿಯರ್‌ನಲ್ಲಿ ಬಂತು. ತೂಗಿದರೆ ಎರಡು ಕಿಲೋ ಇದ್ದೀತು. ನೀಲಿ ರಟ್ಟು, ಬಣ್ಣದ ಪಟ್ಟಿಗಳು, ನಮ್ಮ 14 ಅಂಕಿಗಳ ಪರವಾನಗಿ ಸಂಖ್ಯೆ ಪ್ರತಿ ಪುಟದ ತಲೆಯಲ್ಲಿ. ಬಿಡಿಸಿದಾಗ ಫ್ರಿಜ್‌ನ ತಾಪಮಾನದ ದಾಖಲೆ ಮೇ, ಜೂನ್, ಜುಲೈ ಮೂರು ತಿಂಗಳಿಗೆ ಆಗಲೇ ತುಂಬಿತ್ತು. ಬೆಳಿಗ್ಗೆ 4 ಡಿಗ್ರಿ, ಸಂಜೆ 4 ಡಿಗ್ರಿ. ನಡುನಡುವೆ ಒಂದೊಂದು 3, ಒಂದೊಂದು 5, ನಂಬಿಕೆ ಬರಲೆಂದು. ಒಂದೇ ಪೆನ್ನು, ಒಂದೇ ಓರೆ, ಅಂಕಿಗಳೆಲ್ಲ ಕವಾಯತಿಗೆ ನಿಂತಂತೆ. ಜುಲೈಯ ಮೂರನೆಯ ವಾರದಲ್ಲಿ ಗಾಳಿಗೆ ಮರ ಬಿದ್ದು, ಕಂಬ ಮುರಿದು, ನಮ್ಮ ಬೀದಿಗೆ ಮೂರು ದಿನ ಕರೆಂಟಿರಲಿಲ್ಲ. ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ನಾವೇ ಹಿತ್ತಲ ಗೊಬ್ಬರಗುಂಡಿಗೆ ಸುರಿದಿದ್ದೆವು. ಆ ಮೂರು ದಿನಗಳ ಸಾಲಿನಲ್ಲೂ ತಣ್ಣನೆಯ 4 ಡಿಗ್ರಿ ಕೂತಿತ್ತು, ಪಕ್ಕದಲ್ಲಿ ಸಹಿಗೆ ಜಾಗ ಬಿಟ್ಟು. ಸಹಿ ಹಾಕಬೇಕಾದದ್ದು ನಾನು.

ಫೋನು ಮಾಡಿ ಕೇಳಿದೆ. ಎಲ್ಲರಿಗೂ ಹೀಗೇ ಕೊಡುತ್ತೇವೆ ಸರ್, ಅಧಿಕಾರಿಗಳು ಖಾಲಿ ಪುಟ ಕಂಡರೆ ಕೋಪಿಸಿಕೊಳ್ಳುತ್ತಾರೆ ಎಂಬ ಉತ್ತರ ಬಂತು. ನೌಕರರ ವೈದ್ಯಕೀಯ ಪ್ರಮಾಣಪತ್ರಗಳನ್ನೂ ಹೀಗೆಯೇ, ತಲೆಗೆ ಇಷ್ಟೆಂದು, ಯಾರನ್ನೂ ಎಲ್ಲಿಗೂ ಕರೆದೊಯ್ಯದೆ ತರಿಸಿಕೊಡುವ ಪ್ರಸ್ತಾಪ ಅದೇ ಮಾತಿನಲ್ಲಿ ತೇಲಿಬಂತು. ನಿಯಮ ಕೇಳುವುದು ವರ್ಷಕ್ಕೊಮ್ಮೆ ನೋಂದಾಯಿತ ವೈದ್ಯರಿಂದ ತಪಾಸಣೆ, ಜೊತೆಗೆ ಟೈಫಾಯಿಡ್ ಗುಂಪಿನ ರೋಗಗಳ ವಿರುದ್ಧ ಲಸಿಕೆ. ನಾವು ಹದಿನಾಲ್ಕು ಜನರನ್ನು ಎರಡು ಸರದಿಯಲ್ಲಿ ವೈದ್ಯರ ಬಳಿಗೆ ಕರೆದೊಯ್ದೆವು. ಒಬ್ಬನಿಗೆ ಬೆರಳ ಸಂದಿನ ಹುಣ್ಣು ಸಿಕ್ಕಿತು, ಹತ್ತು ದಿನ ಬಾಳೆಲೆ ಎಣಿಸಿದ. ಕಡತದ ಆ ಮೂರು ತಿಂಗಳ ಹಾಳೆಗಳನ್ನು ಕಿತ್ತು ಒಲೆಗೆ ಹಾಕಿದೆ. ಹಳೆಯ ರೂಲು ಪುಸ್ತಕವೊಂದನ್ನು ಫ್ರಿಜ್‌ನ ಮೇಲೆ ದಾರ ಕಟ್ಟಿ ತೂಗುಹಾಕಿ, ಜುಲೈಯಲ್ಲಿ ಕರೆಂಟು ಹೋದ ದಿನಗಳ ಬಗ್ಗೆ ನೆನಪಿದ್ದಷ್ಟನ್ನು ಮೊದಲ ಪುಟದಲ್ಲಿ ಬರೆದೆ. ಅಲ್ಲಿಂದ ಮುಂದೆ ಫ್ರಿಜ್ ತೆರೆದವರು ಬರೆಯುತ್ತಾರೆ. 7 ಇದ್ದರೆ 7, ಮಸಾಲೆ ಕೈಯ ಕಲೆಯೂ ಜೊತೆಗೆ.

ನಿಜವಾದ ತಪಾಸಣೆ ಅಕ್ಟೋಬರಿನಲ್ಲಿ, ಮುನ್ಸೂಚನೆಯಿಲ್ಲದೆ, ಬೆಳಿಗ್ಗೆ ಹತ್ತೂಕಾಲಕ್ಕೆ ಬಂತು. ಆಹಾರ ಸುರಕ್ಷತಾ ಅಧಿಕಾರಿ ಒಳಗೆ ಬಂದು ಗೋಡೆಯ ಪರವಾನಗಿ ನೋಡಿದರು, ಆಮೇಲೆ ನೇರವಾಗಿ ಚರಂಡಿಯ ಕಡೆ ಹೋದರು. ಎಲ್ಲರಿಗಿಂತ ಕಿರಿಯ ಹುಡುಗನನ್ನು ಕರೆದು, ಕೈ ಎಲ್ಲಿ ತೊಳೆಯುತ್ತೀ ತೋರಿಸು ಎಂದರು. ಅವನು ಓಡಿಹೋಗಿ ತೊಳೆದೇ ತೋರಿಸಿದ, ಹೆಬ್ಬೆರಳ ಬುಡವನ್ನು ವಿಶೇಷ ಶ್ರದ್ಧೆಯಿಂದ. ಉಗ್ರಾಣದಲ್ಲಿ ಕಡಲೆಹಿಟ್ಟಿನ ಚೀಲ ತಿರುಗಿಸಿ ದಿನಾಂಕ ಓದಿದರು. ಅರಿಸಿನ ಪುಡಿಯ ಮಾದರಿ ತೆಗೆದುಕೊಂಡರು. ಕಾಯ್ದೆಯಂತೆ ಅದರ ಬೆಲೆ ಕೊಟ್ಟು, ನಾಲ್ಕು ಭಾಗ ಮಾಡಿ, ನಮ್ಮೆದುರಿಗೇ ಮೊಹರು ಮಾಡಿದರು. ನಾಲ್ಕರಲ್ಲಿ ಒಂದು ಭಾಗವನ್ನು ನಾವು ಬೇಡಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬಹುದೆಂಬ ವಿಷಯವನ್ನು ಅವರೇ ತಿಳಿಸಿದರು. 18,500 ರೂಪಾಯಿಯ ಸೇವೆ ಅದನ್ನು ಹೇಳಿರಲಿಲ್ಲ. ಕೊರತೆ ಕಂಡರೆ ಸುಧಾರಣಾ ನೋಟಿಸ್ ಬರುತ್ತದೆ, ಸರಿಪಡಿಸಲು ಕನಿಷ್ಠ 14 ದಿನ ಸಿಗುತ್ತದೆ. ಕೊಳಕು ಪರಿಸರದಲ್ಲಿ ಆಹಾರ ತಯಾರಿಸಿದ್ದಕ್ಕೆ ಕಾಯ್ದೆಯ 56ನೆಯ ಕಲಮು 1 ಲಕ್ಷ ರೂಪಾಯಿಯವರೆಗೆ ದಂಡ ಹೇಳುತ್ತದೆ. ನಮಗೆ ನೋಟಿಸ್ ಬರಲಿಲ್ಲ. ಚರಂಡಿಯ ಜಾಲರಿ ಮುರಿದದ್ದನ್ನೂ, ಮೂಲೆಯಲ್ಲಿ ಇನ್ನೂ ನೇತಾಡುತ್ತಿದ್ದ ಒಂದು ಹಳೆಯ ಚಿಬ್ಬಲನ್ನೂ ವರದಿಯಲ್ಲಿ ಬರೆದರು.

ನೀಲಿ ಕಡತದಲ್ಲಿ ಅವರು ತೆರೆದದ್ದು ನೀರಿನ ವರದಿಯ ಪುಟ ಒಂದನ್ನೇ. ಫ್ರಿಜ್‌ನ ಪುಸ್ತಕವನ್ನು ಮಾತ್ರ ದಾರ ಬಿಚ್ಚದೆ, ನಿಂತಲ್ಲೇ ಹಿಂದಿನಿಂದ ಮುಂದಕ್ಕೆ ಮಗುಚಿದರು. ‘ಮೂರು ದಿನ ಕರೆಂಟಿಲ್ಲ, ಹಾಲು ಮೊಸರು ಚೆಲ್ಲಿದೆ’ ಎಂಬ ಸಾಲಿನ ಹತ್ತಿರ ಒಂದು ಕ್ಷಣ ನಿಂತು, ಜನರೇಟರ್ ಇಲ್ಲವೇ ಎಂದು ಕೇಳಿದರು. ಇಲ್ಲವೆಂದೆ. ಪುಟ ತಿರುಗಿಸಿದರು.

ಸೇವೆಯ ಎರಡನೆಯ ಭೇಟಿ ಇದೆಲ್ಲ ಮುಗಿದ ಮೇಲೆ, ನವೆಂಬರಿನಲ್ಲಿ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಈ ವರ್ಷಕ್ಕೆ ಅವರು ವಾರ್ಷಿಕ ಒಪ್ಪಂದ ಕಳಿಸಿದ್ದಾರೆ, ದರ 21,000. ಕಡತ ಬೇಡ, ಟ್ಯಾಬ್ ಬೇಡ, ಎರಡನೆಯ ಭೇಟಿಯೂ ಬೇಡ. ಆ ಹಿರಿಯ ತರಬೇತಿದಾರರನ್ನೇ ಮೇ ತಿಂಗಳಲ್ಲಿ ಒಂದು ದಿನ ಶಿರಸಿಗೆ, ಜೂನಿನಲ್ಲಿ ಒಂದು ದಿನ ಕಾರವಾರಕ್ಕೆ ಕಳಿಸಿ, ಥರ್ಮಾಮೀಟರ್ ಅವರ ಚೀಲದಲ್ಲಿರಲಿ ಎಂದು ನಾವಿಬ್ಬರೂ ಸೇರಿ ಬರೆದಿದ್ದೇವೆ. ಹಾಗೆ ಬಿಡಿಬಿಡಿಯಾಗಿ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಮೊದಲು ಉತ್ತರ ಬಂತು. ಮೊನ್ನೆ, ದಿನಕ್ಕೆ 6,500 ಆದರೆ ನೋಡೋಣ ಎಂದಿದ್ದಾರೆ. ನಾವು 6,000ಕ್ಕೆ ಕೇಳುತ್ತಿದ್ದೇವೆ.